ಹನ್ನೊಂದು ಸಲ ಸತ್ತವರು

ಅವರು ತೀರಿಕೊಂಡರೆಂದು ಓದಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ನಂಬದೇ ಇದ್ದದ್ದು.

ಸ್ವೀಡನ್ನಿನ ಉಪ್ಸಾಲಾದ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಬಟ್ಟೆ ಒಗೆಯುವ ಒಂದೇ ಕೋಣೆ. ಅದರ ಬಾಗಿಲಿಗೆ ಯಾರೋ ಹಾಳೆ ಅಂಟಿಸಿದ್ದರು. ಎರಡನೇ ಮಹಡಿಯ ನಮ್ಮ ಹಿರಿಯ ನೆರೆಯಾಕೆ ಹೋದ ವಾರ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು, ಮನೆ ಖಾಲಿ ಮಾಡಲು ಇಂಗ್ಲೆಂಡಿನಿಂದ ಅವರ ತಂಗಿಯ ಮಗಳು ಬರುತ್ತಾಳೆ, ಸದ್ದಾದರೆ ದಯವಿಟ್ಟು ಸಹಿಸಿಕೊಳ್ಳಿ. ಅದರ ಪಕ್ಕದಲ್ಲೇ, ಒಣಗಿಸುವ ಯಂತ್ರದ ಜಾಲರಿ ಸ್ವಚ್ಛ ಮಾಡಿ ಹೋಗಿ ಎಂಬ ಹಳೆಯ ಚೀಟಿ. ಎರಡನ್ನೂ ಓದಿದೆ. ಜಾಲರಿಯದನ್ನು ನಂಬಿದೆ.

ಯಾಕೆಂದರೆ ಅವರು ಅದಕ್ಕೂ ಮೊದಲು ಹನ್ನೊಂದು ಸಲ ಸತ್ತಿದ್ದರು. ಈ ಲೆಕ್ಕ ಅವರೇ ಕೊಟ್ಟದ್ದು. ಮೂರು ಸಲ ವಿಷದಿಂದ, ಎರಡು ಸಲ ಮೆಟ್ಟಿಲಿನಿಂದ ಬಿದ್ದು, ಒಮ್ಮೆ ಹೆರಿಗೆಯಲ್ಲಿ, ಒಮ್ಮೆ ಹಡಗು ಮುಳುಗಿ, ಉಳಿದವೆಲ್ಲ ಹಾಸಿಗೆಯಲ್ಲಿ, ಮಕ್ಕಳು ಆಸ್ತಿಗಾಗಿ ಪಿಸುಗುಡುತ್ತ ಜಗಳವಾಡುತ್ತಿರುವಾಗ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನ ನಾಟಕ, ರೇಡಿಯೋ, ಸಿನಿಮಾ, ಟಿವಿಗಳಲ್ಲಿ ಅವರು ನಾಯಕಿಯೊಬ್ಬಳನ್ನು ಬಿಟ್ಟು ಮಿಕ್ಕ ಎಲ್ಲರೂ ಆಗಿದ್ದರು. ಅಂಥವರ ಸಾವಿನ ಸುದ್ದಿಯನ್ನು ಒಂದೇ ಓದಿಗೆ ನಂಬುವುದು ಹೇಗೆ?

ನನ್ನ ಗುಣವೂ ಒಂದಿಷ್ಟು ಹಾಗೆಯೇ ಅನ್ನಿ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಬೇರೆಯವರು ತಂದ ಫಲಿತಾಂಶ ನಿಜವೋ ಸುಳ್ಳೋ ಎಂದು ಮತ್ತೆ ಮಾಡಿ ನೋಡುವುದು ನನ್ನ ಕೆಲಸ. ಸಂಬಳ ಕೊಟ್ಟು ಸಂಶಯಪಡಿಸುತ್ತಾರೆ. ಆದರೆ ಸಂಬಳವಿಲ್ಲದಾಗಲೂ ನಾನು ಅದೇ ಮಾಡುತ್ತಿದ್ದೆ. ನನ್ನ ಗಂಡ ಬೆಂಗಳೂರಿನವರು, ಯಾರನ್ನು ಬೇಕಾದರೂ ನಂಬುವ ಆಸಾಮಿ. "ಬಾಯಿ ಸುಟ್ಕೊಂಡೋರು ಮಜ್ಜಿಗೆ ಊದಿ ಕುಡಿಯೋದು ಕೇಳಿದೀನಿ. ನೀನು ಬಾಯಿ ಸುಟ್ಕೊಳ್ದೇನೇ ಊದ್ತೀಯಲ್ಲೇ" ಎಂದು ಛೇಡಿಸುತ್ತಿದ್ದರು.

ಅವರನ್ನು ನಾನು ಮೊದಲು ಕಂಡದ್ದು ಅದೇ ಬಟ್ಟೆ ಒಗೆಯುವ ಕೋಣೆಯಲ್ಲಿ. ಯಾವ ದಿನ, ಯಾವ ಹೊತ್ತು ಯಾರದ್ದು ಎಂಬುದನ್ನು ಗೋಡೆಯ ಹಲಗೆಯಲ್ಲಿ ಪುಟ್ಟ ಬೀಗ ಸಿಕ್ಕಿಸಿ ಗೊತ್ತುಮಾಡಿಕೊಳ್ಳಬೇಕು. ಇನ್ನೊಬ್ಬರ ಹೊತ್ತಿನಲ್ಲಿ ಒಳಗೆ ಕಾಲಿಟ್ಟರೆ ಈ ದೇಶದಲ್ಲಿ ಅದು ಕನ್ನ ಹಾಕಿದ್ದಕ್ಕೆ ಸಮ. ನನ್ನ ಹೊತ್ತಿನಲ್ಲಿ ಹೋದರೆ, ಬೂದು ಕೋಟಿನ ಮುದುಕಿಯೊಬ್ಬರು ಬೆಂಚಿನ ಮೇಲೆ ಕುಳಿತಿದ್ದಾರೆ. ಕೈಯಲ್ಲಿ ಬುಟ್ಟಿಯಿಲ್ಲ, ಯಂತ್ರದಲ್ಲಿ ಬಟ್ಟೆಯಿಲ್ಲ.

"ಇದು ನನ್ನ ಹೊತ್ತು" ಎಂದೆ.

"ಗೊತ್ತು. ನಿನ್ನ ಕೆಲಸ ನೀನು ಮಾಡು, ನಾನು ಸುಮ್ಮನೆ ಕೂತಿರ್ತೀನಿ" ಎಂದರು ಇಂಗ್ಲಿಷಿನಲ್ಲಿ. ನಾನು ಹೊದಿಕೆಯ ಎರಡು ಮೂಲೆಗಳನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ಮಡಿಸುತ್ತಿದ್ದೆ. "ಅದನ್ನ ಇನ್ನೊಂದು ಸಲ ಮಾಡ್ತೀಯಾ?" ಎಂದು ಕೇಳಿದರು. ಮಡಿಸಿದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಿಸು ಎನ್ನುವವರನ್ನು ನೀವಾದರೂ ನಂಬುತ್ತೀರಾ? ನಾನು ಬುಟ್ಟಿ ಎತ್ತಿಕೊಂಡು ಬಂದುಬಿಟ್ಟೆ. ಮನೆಗೆ ಬಂದು ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಎಲ್ಲವೂ ಇವೆಯೇ ಎಂದು ನೋಡಿದೆ. ಇದ್ದವು.

ಆಮೇಲೆ ನೋಡುತ್ತ ಹೋದ ಹಾಗೆ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಒಂದು ವಾರ ಕುಂಟುತ್ತ ಹಾಲು ತರಲು ಹೋಗುತ್ತಿದ್ದವರು ಮರುವಾರ ಸೈಕಲ್ ತುಳಿಯುತ್ತಿದ್ದರು. ಪುಟ್ಟ ಸೂಟ್‌ಕೇಸ್ ಹಿಡಿದು ತಿಂಗಳುಗಟ್ಟಲೆ ಮಾಯವಾಗಿ, ಬರುವಾಗ ಕೂದಲಿನ ಬಣ್ಣ ಬದಲಾಯಿಸಿಕೊಂಡು ಬರುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ಒಮ್ಮೆ ತಮ್ಮ ಅಪ್ಪ ಮೀನು ಮಾರುತ್ತಿದ್ದ ಎಂದರು. ಇನ್ನೊಮ್ಮೆ ಅದೇ ಅಪ್ಪ ರೈಲಿನ ಗಾರ್ಡ್ ಆಗಿದ್ದ. ಅವರ ಮನೆ ನಮ್ಮ ಮನೆಯ ಸರಿ ಕೆಳಗೆ. ಅಲ್ಲಿಂದ ಕೆಲವು ಸಂಜೆ ಇಬ್ಬರು ಹೆಂಗಸರು ಜಗಳವಾಡುವ ದನಿ ಕೇಳಿಸುತ್ತಿತ್ತು, ಆದರೆ ಆ ಮನೆಯಲ್ಲಿ ಇದ್ದದ್ದು ಅವರೊಬ್ಬರೇ.

"ಏನೋ ಕಳ್ಳ ವ್ಯವಹಾರ ಇದೆ ರೀ" ಎಂದೆ.

"ನಮಗ್ಯಾಕೆ ಬಿಡೆ" ಎಂದರು ನನ್ನ ಗಂಡ. ಆಮೇಲೆ ಒಂದು ಶನಿವಾರ ಸಂಜೆ, ಸ್ವೀಡಿಷ್ ಅಡಿಬರಹದೊಂದಿಗೆ ಬರುವ ಯಾವುದೋ ಇಂಗ್ಲಿಷ್ ಪತ್ತೇದಾರಿ ಧಾರಾವಾಹಿ ನೋಡುತ್ತಿದ್ದವರು ಸೋಫಾದಿಂದ ನೆಗೆದು ಎದ್ದರು. "ಅರೇ, ಸೆಕೆಂಡ್ ಫ್ಲೋರ್ ಅಜ್ಜಿ ಕಣೆ!" ಟ್ರೇಯಲ್ಲಿ ಚಹಾ ತಂದಿಟ್ಟ ಕುಂಟು ಸೇವಕಿಯೊಬ್ಬಳು ಆಗಲೇ ಬಾಗಿಲು ಮುಚ್ಚಿಕೊಂಡು ಹೋಗಿದ್ದಳು. ನಾನು ನಂಬಲಿಲ್ಲ. ಮರುದಿನ ಅವರನ್ನೇ ಕೇಳಿದೆ.

"ಸೇವಕಿಯನ್ನ ನೋಡಿದ್ರಾ, ಪಕ್ಕದ ಮನೆಯ ಬಾಯಿಬಡುಕಿಯನ್ನ ನೋಡಿದ್ರಾ?" ಎಂದರು. "ಅದೇ ಧಾರಾವಾಹೀಲಿ ಎರಡು ವರ್ಷದ ಅಂತರದಲ್ಲಿ ಎರಡೂ ನಾನೇ. ಒಬ್ಬರೂ ಪತ್ತೆ ಹಚ್ಚಲಿಲ್ಲ, ಪತ್ತೇದಾರನೂ ಸೇರಿ."

ಹತ್ತೊಂಬತ್ತರ ವಯಸ್ಸಿನಲ್ಲಿ ಸಮುದ್ರದ ದಂಡೆಯ ಊರೊಂದರಲ್ಲಿ ವಾರಕ್ಕೊಂದು ಹೊಸ ನಾಟಕ ಆಡುವ ಕಂಪನಿ ಸೇರಿದ್ದರಂತೆ. ಹಗಲು ಮುಂದಿನ ವಾರದ ನಾಟಕದ ಮಾತು ಬಾಯಿಪಾಠ, ಸಂಜೆ ಈ ವಾರದ್ದು. ಮೊದಲ ಪಾತ್ರವೇ ಎಪ್ಪತ್ತು ವರ್ಷದ ಅಜ್ಜಿ. ಚೆಲುವೆಯರು ಯಾರೂ ಅಜ್ಜಿಯಾಗಲು ಒಪ್ಪದ್ದರಿಂದ ಅದು ಅವರ ಪಾಲಿಗೆ ಬಂತು. ಮುಂದೆ ಸ್ವೀಡನ್ನಿಗೆ ನಾಟಕ ತಂದಾಗ ಇಲ್ಲಿನ ರಂಗದ ದೀಪ ನೋಡಿಕೊಳ್ಳುವವನನ್ನು ಮದುವೆಯಾಗಿ ಇಲ್ಲೇ ನಿಂತರು. ಅವನು ಸತ್ತ ಮೇಲೂ ಹೋಗಲಿಲ್ಲ. ಲಂಡನ್ನಿನಿಂದ ಫೋನು ಬಂದರೆ ಸೂಟ್‌ಕೇಸ್ ಹಿಡಿದು ಹೊರಡುವುದು, ಯಾರದೋ ಅತ್ತೆಯಾಗಿ ಬರುವುದು. ಕೆಳಗೆ ಜಗಳವಾಡುತ್ತಿದ್ದ ಇಬ್ಬರು ಹೆಂಗಸರೂ ರೇಡಿಯೋ ನಾಟಕದ ತಾಲೀಮಿನಲ್ಲಿದ್ದ ಅವರೇ. ಮೀನು ಮಾರುವ ಅಪ್ಪ ಒಂದು ಪಾತ್ರದ್ದು. ಗಾರ್ಡ್ ಅಪ್ಪ ಮಾತ್ರ ನಿಜದವನು. ಹಾಗೆಂದು ಅವರು ಹೇಳಿದರು, ಅಷ್ಟೆ.

ಅವರ ಹಜಾರದ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಹಳೆಯ ಚಪ್ಪಲಿ, ಬೂಟುಗಳು. ಪಾತ್ರ ಸಿಕ್ಕ ಕೂಡಲೇ ಅವರು ಮೊದಲು ಹುಡುಕುತ್ತಿದ್ದದ್ದು ಕಾಲಿಗೆ ಮೆಟ್ಟುವುದನ್ನು. ಆಮೇಲೆ ನಡಿಗೆ, ಆಮೇಲೆ ಬೆನ್ನು, ಕೊನೆಗೆ ಮಾತು. ಪ್ರತಿ ಜೊತೆಯೊಳಗೂ ಒಂದು ರಟ್ಟಿನ ಚೀಟಿಯಲ್ಲಿ ಪಾತ್ರದ ಹೆಸರು.

"ಮುಖದ ಮಾತೇ ಇಲ್ಲವಲ್ಲ?" ಎಂದೆ.

"ಎಲ್ಲರೂ ಮುಖವನ್ನೇ ನೋಡ್ತಾರೆ, ಅದಕ್ಕೇ ಎಲ್ಲರೂ ಮುಖದಲ್ಲೇ ಸುಳ್ಳು ಹೇಳೋದು. ಬೆನ್ನು ಸುಳ್ಳು ಹೇಳೋಲ್ಲ" ಎಂದರು. ನಂತರ ನನ್ನತ್ತ ನೋಡಿ, "ನೀನು ಬಾಗಿಲು ತೆಗೆದರೆ ಮೊದಲು ಬಂದವರ ಕೈ ನೋಡ್ತೀಯ, ಆಮೇಲೆ ಮುಖ. ನಗು ಕೊನೆಗೆ ಬರುತ್ತೆ. ನನಗೆ ಒಬ್ಬಳು ಜೈಲಿನ ವಾರ್ಡನ್ ಪಾತ್ರ ಬಂದರೆ ನಿನ್ನನ್ನ ಉಪಯೋಗಿಸ್ತೀನಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನಟಿ ಎಂದು ತಿಳಿದ ಮೇಲೆ ಅನುಮಾನ ಇಳಿಯಬೇಕಿತ್ತು. ಬದಲಿಗೆ ಏರಿತು. ಸುಳ್ಳನ್ನೇ ಕಸುಬು ಮಾಡಿಕೊಂಡವರು ಯಾವಾಗ ಅಂಗಡಿ ಮುಚ್ಚುತ್ತಾರೆ, ಯಾವಾಗ ತೆರೆಯುತ್ತಾರೆ ಎಂದು ತಿಳಿಯುವುದು ಹೇಗೆ?

ಆ ವರ್ಷದ ಚಳಿಗಾಲದಲ್ಲಿ ಅವ್ವ ಗದಗದಿಂದ ಎರಡು ತಿಂಗಳಿಗೆ ಬಂದಳು. ಅವ್ವ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಊರಿನ ಅರ್ಧ ಹೆಂಗಸರಿಗೆ ಜಂಪರ್, ಅಂದರೆ ರವಿಕೆ, ಹೊಲಿದವಳು. ನಾನು ಓದಿದ್ದು ಆ ದುಡಿಮೆಯಲ್ಲಿ. ಮೆಟ್ಟಿಲು ಹತ್ತುವಾಗ ಅವಳು ಮುಖ ಕಿವುಚುವುದನ್ನು ನೋಡಿ, ಬಂದ ವಾರವೇ ಔಷಧದಂಗಡಿಯಿಂದ ಪಟ್ಟಿ ತಂದು ಬಲ ಮೊಣಕಾಲಿಗೆ ನಾನೇ ಕಟ್ಟಿದೆ. "ಚಲೋ ಆತು ಬಿಡವಾ" ಎಂದಳು. ಬೆಳಿಗ್ಗೆ ಎಂಟಕ್ಕೆ ನಾವು ಗಂಡ ಹೆಂಡತಿ ಕೆಲಸಕ್ಕೆ ಹೊರಟರೆ ಬರುವುದು ಐದರ ಮೇಲೆ. ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ಅಷ್ಟು ಹೊತ್ತು ಅವಳು ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೆಳಗಿನ ಅಂಗಳ, ಸೈಕಲ್ಲುಗಳು, ಕಸದ ಡಬ್ಬಿಗಳನ್ನು ನೋಡುತ್ತ ಕೂರುತ್ತಿದ್ದಳು.

ನಾಲ್ಕನೇ ವಾರ ಒಂದು ದಿನ ಬೇಗ ಬಂದೆ. ಅಡುಗೆಮನೆಯ ನೆಲದ ಮೇಲೆ ಹಳೆಯ ಸೀರೆ ಹಾಸಿದೆ. ಅದರ ಒಂದು ತುದಿಗೆ ಅವ್ವ, ಇನ್ನೊಂದು ತುದಿಗೆ ಕೆಳಗಿನ ಮನೆಯವರು, ಕಾಲು ಮಡಿಸಿ ಕುಳಿತು ಬಟ್ಟೆ ಹಿಡಿದುಕೊಂಡಿದ್ದಾರೆ! ಅವ್ವ ಕನ್ನಡದಲ್ಲಿ ಯಾವುದೋ ಮದುವೆಯ ಕತೆ ಹೇಳುತ್ತಿದ್ದಳು, ಅವರು ಇಂಗ್ಲಿಷಿನಲ್ಲಿ ಹೌದೌದು ಎನ್ನುತ್ತಿದ್ದರು.

ಅವರು ಹೋದ ಮೇಲೆ ಅವ್ವನನ್ನು ವಿಚಾರಣೆಗೆ ಕೂರಿಸಿದೆ. "ಯಾವಾಗಿಂದ ಬರಾಕತ್ತಾರ ಅವರು?"

"ಕೆಳಗಿನಾಕೀನಾ? ಹತ್ತು ದಿನಾ ಆತಲ್ಲ. ಚಲೋ ಹೆಣಮಗಳವಾ. ಕುಂತು ಕೇಳಸ್ಕೋತಾಳ."

"ಏನ್ ತಿಳೀತೈತಿ ಅವರಿಗೆ?"

"ತಿಳಿಯೂದು ಯಾಕ ಬೇಕು? ತಿಳಿಯೂ ಮಂದಿ ಯಾರು ಕೇಳ್ತಾರ?" ಎಂದಳು ಅವ್ವ, ನನ್ನತ್ತ ನೋಡದೆ.

"ಅವರು ನಾಟಕದವರವಾ. ಎಲ್ಲಾರ ಮುಂದೂ ನಾಟಕ ಮಾಡ್ತಾರ" ಎಂದು ಎಚ್ಚರಿಸಿದೆ.

"ಅದನ್ನ ನೀ ಏನ್ ಹೇಳ್ತಿ ನನಗ? ಮದಲನೇ ದಿನಾನ ಗೊತ್ತಾತು. ಅಳತಿ ತಗೊಳ್ಳಾಕ ಟೇಪ್ ಎತ್ತಿದ್ನಿ, ನಾ ಹೇಳೂದ್ರಾಗ ಎರಡೂ ಕೈ ಮ್ಯಾಲೆತ್ತಿ ಉಸರ ಹಿಡದು ನಿಂತ್ಲು. ನಮ್ಮೂರಾಗ ಕಂಪನಿ ನಾಟಕದವ್ರು ಬಂದಾಗ ಎಷ್ಟ್ ಮಂದಿಗೆ ಹೊಲದೀನಿ. ಹಂಗ ನಿಲ್ಲಾವ್ರು ಅವ್ರೊಬ್ಬರ. ಬಲಗಡಿ ಹೆಗಲ ಅರ್ಧ ಇಂಚು ಇಳದೈತಿ ನೋಡು ಆಕೀದು. ಭಾರದ ಪೆಟಗಿ ಹಿಡದು ಭಾಳ ಊರ ತಿರಗ್ಯಾಳ."

ನಾನು ಒಂದು ವರ್ಷ ಪತ್ತೇದಾರಿಕೆ ಮಾಡಿ ತಿಳಿದದ್ದನ್ನು ಅವ್ವ ಒಂದು ಟೇಪಿನಲ್ಲಿ ತಿಳಿದಿದ್ದಳು. ಆದರೂ ನನ್ನ ಮನಸ್ಸು ಹದಕ್ಕೆ ಬರಲಿಲ್ಲ. ಅವರಿಗೆ ನಮ್ಮವ್ವನಿಂದ ಏನು ಬೇಕು? ಅಷ್ಟು ಹೊತ್ತು ಬಂದು ಕೂರುವವರು ಏನನ್ನೋ ಒಯ್ಯಲೇ ಬಂದಿರುತ್ತಾರೆ. ಅದೇ ದಿನಗಳಲ್ಲಿ ಅವ್ವ ಮನೆಯೊಳಗೆ ಮೆಟ್ಟುತ್ತಿದ್ದ ಚಪ್ಪಲಿ ಕಾಣೆಯಾದವು. ಊರಿನಿಂದ ತಂದಿದ್ದ ನೀಲಿ ಪಟ್ಟಿಯ ಹಳೆಯ ಹವಾಯಿ ಚಪ್ಪಲಿ. ಕೇಳಿದರೆ "ಎಲ್ಲೋ ಇರ್ತಾವ ತಗೋ" ಎಂದು ನನ್ನ ಗಂಡನ ಉಣ್ಣೆಯ ಕಾಲುಚೀಲ ಹಾಕಿಕೊಂಡು ಓಡಾಡತೊಡಗಿದಳು. ಸವೆದ ಹವಾಯಿ ಚಪ್ಪಲಿಯನ್ನು ಯಾರು ಕದಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮರೆಯಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಅವರು ಕೇಕ್ ಇಟ್ಟು ಕಳಿಸಿದ್ದ ತಟ್ಟೆ ವಾಪಸು ಕೊಡಲು ಕೆಳಗಿಳಿದೆ. ಬಾಗಿಲು ಅರೆ ತೆರೆದಿತ್ತು. ಹಜಾರದಲ್ಲಿ ಅವ್ವ ನಡೆದು ಬರುತ್ತಿದ್ದಳು.

ಅವ್ವನನ್ನು ಮೇಲೆ ಅಡುಗೆಮನೆಯಲ್ಲಿ ಬಿಟ್ಟು ಬಂದು ಒಂದು ನಿಮಿಷವಾಗಿರಲಿಲ್ಲ. ಅವ್ವನಲ್ಲ, ಅವರು. ಮೇಜಿನ ಬಟ್ಟೆಯನ್ನು ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದರು. ಕಾಲಲ್ಲಿ ನೀಲಿ ಪಟ್ಟಿಯ ಹವಾಯಿ. ಕನ್ನಡಿಯ ಮುಂದೆ ಬಂದು ನಿಂತರು, ಎಡಗೈ ಮೊಣಕಾಲಿಗೆ ಕೊಟ್ಟರು, ಉಸಿರು ಬಿಟ್ಟರು, ಸ್ಟೂಲಿನ ಮೇಲೆ ಕುಳಿತು "ಶಿವ ಶಿವಾ" ಎಂದರು. ಅವ್ವನದೇ ದನಿ. ನನ್ನ ಮೈಯೆಲ್ಲ ಉರಿದುಹೋಯಿತು.

"ನಮ್ಮವ್ವನ್ನ ಅಣಕಿಸ್ತಿದ್ದೀರಾ?"

ಅವರು ಬೆಚ್ಚಲಿಲ್ಲ. ಮೇಜಿನ ಬಟ್ಟೆ ತೆಗೆದು, ಎರಡು ಮೂಲೆ ಗಲ್ಲದ ಕೆಳಗೆ ಒತ್ತಿಕೊಂಡು ಮಡಿಸಿದರು. ಅದು ನನ್ನ ಮಡಿಕೆ. "ಅಣಕ ಅಲ್ಲ, ಕಳ್ಳತನ" ಎಂದರು. "ಹತ್ತೊಂಬತ್ತನೇ ವಯಸ್ಸಿಂದ ಇದನ್ನೇ ಮಾಡ್ತಿದೀನಿ. ನನ್ನದು ಅಂತ ಒಂದು ನಡಿಗೆಯೂ ನನ್ನ ಹತ್ತಿರ ಇಲ್ಲ."

"ಚಪ್ಪಲಿನೂ ಕದ್ರಾ?"

"ಇಲ್ಲ. ಅದನ್ನ ಕೇಳಿದೆ. ಕೊಟ್ಟಳು."

"ಯಾವ ಭಾಷೆಯಲ್ಲಿ ಕೇಳಿದ್ರಿ?"

ಅವರು ತಮ್ಮ ಪಾದಗಳನ್ನು ನೋಡಿಕೊಂಡರು. ಇನ್ನು ಮೇಲೆ ನಮ್ಮ ಮನೆಗೆ ಬರಬೇಡಿ ಎಂದು ಹೇಳಿ, ತಟ್ಟೆಯನ್ನು ನೆಲದ ಮೇಲಿಟ್ಟು ಬಂದೆ. ಅನುಮಾನ ನಿಜವಾದಾಗ ಮನುಷ್ಯರಿಗೆ ಒಂದು ಸಂತೋಷವಾಗುತ್ತದೆ. ಮೆಟ್ಟಿಲು ಹತ್ತುವಾಗ ನನಗೆ ಅದೂ ಆಯಿತು, ಸುಳ್ಳೇಕೆ ಹೇಳಲಿ.

ಸುಳ್ಳು ಹೇಳಿದ್ದು ಮೇಲೆ ಬಂದ ನಂತರ. "ಕೆಳಗಿನವರು ಇಂಗ್ಲೆಂಡಿಗೆ ಹೋದ್ರವಾ. ಶೂಟಿಂಗ್ ಐತಂತ. ನೀ ಊರಿಗೆ ಹೋಗೂತನಾ ಬರಂಗಿಲ್ಲ."

"ಹೇಳದ ಹೋದ್ಲಾ?"

"ಅವಸರಿತ್ತಂತ."

ಅವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಹೌದಾ" ಎಂದಳು, ಅಷ್ಟೆ. ಆಮೇಲಿನ ಮೂರು ವಾರ ಅವಳು ಕಿಟಕಿಯ ಬಳಿಯ ಕುರ್ಚಿಯಲ್ಲೇ ಕಳೆದಳು. ಕೆಳಗಿನವರು ಮೇಲೆ ಬರಲಿಲ್ಲ. ಅಂಗಳದಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದನ್ನು, ಕಸ ಹಾಕುವುದನ್ನು ನಾನೇ ಎಷ್ಟೋ ಸಲ ಕಂಡೆ. ಕಿಟಕಿಯಲ್ಲಿ ಇಡೀ ದಿನ ಕುಳಿತವಳಿಗೆ ಕಾಣದೇ ಇರುತ್ತದೆಯೇ? ಅವ್ವ ಒಂದು ದಿನವೂ ಬಾಯಿ ಬಿಡಲಿಲ್ಲ. ನಾನೇ ಕುಂಬಳಕಾಯಿ ಕಳ್ಳನ ಹಾಗೆ ಆಗಾಗ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ: "ಅವರ ಫೋನೂ ಬಂದಿಲ್ಲವಾ, ಭಾಳ ಕೆಲಸ ಇರಬೇಕು."

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಒಂದು ಕಾಗದದ ಪೊಟ್ಟಣ ಕೊಟ್ಟಳು. "ಕೆಳಗಿನಾಕೀಗೆ ಜಂಪರ್ ಹೊಲದೀನಿ. ಆಕಿ ಇಂಗ್ಲೆಂಡಿಂದ ಬಂದಮ್ಯಾಲ ಕೊಡು."

ಮುಖದಲ್ಲಿ ಏನೂ ಇರಲಿಲ್ಲ. ನನ್ನ ಕೆನ್ನೆ ಸವರಿ, ತಪಾಸಣೆಯ ಸಾಲಿನತ್ತ ಹೊರಟಳು. ಹಿಂದಿನಿಂದ ನೋಡುತ್ತ ನಿಂತೆ. ಆ ಬೆನ್ನು ನೋಡಿದಾಗ ತಿಳಿಯಿತು, ಅವ್ವನಿಗೆ ಎಲ್ಲ ಗೊತ್ತು. ಮೊದಲ ದಿನದಿಂದಲೂ ಗೊತ್ತು. ಮಗಳ ಸುಳ್ಳು ಮುರಿಯಬಾರದೆಂದು ಮೂರು ವಾರ ಒಬ್ಬಳೇ ಕುಳಿತಿದ್ದಳು.

ಆ ಪೊಟ್ಟಣವನ್ನು ನಾನು ಕೊಡಲಿಲ್ಲ. ಕೊಟ್ಟರೆ ನನ್ನ ಸುಳ್ಳನ್ನೂ ಅವರ ಕೈಗಿಟ್ಟಂತೆ. ಕಪಾಟಿನ ಮೇಲಿನ ಅರೆಯಲ್ಲಿಟ್ಟೆ. ನಾಳೆ ಎಂದೆ, ಮುಂದಿನ ವಾರ ಎಂದೆ, ಎರಡು ವರ್ಷ ಹೋಯಿತು. ಆಮೇಲೆ ಒಂದು ದಿನ ಗದಗದಿಂದ ಫೋನು ಬಂತು. ತನ್ನ ಹೊಲಿಗೆ ಅಂಗಡಿಯಲ್ಲಿ ಯಂತ್ರದ ಮುಂದೆ ಕುಳಿತಲ್ಲೇ ಅವ್ವ ಹೋಗಿಬಿಟ್ಟಿದ್ದಳು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ತಿರುಗಿ ಬಂದ ಮೇಲೆ ಒಂದು ಹುಚ್ಚು ಹಿಡಿಯಿತು. ಅವ್ವ ನಡೆದಾಡುವುದನ್ನು ನೋಡಬೇಕು. ಇದ್ದ ಫೋಟೋಗಳಲ್ಲೆಲ್ಲ ಅವಳು ಪೊಲೀಸರ ಮುಂದೆ ನಿಂತವಳ ಹಾಗೆ ಸೆಟೆದು ನಿಂತಿದ್ದಳು. ಸಂಬಂಧಿಕರಿಂದ ಮದುವೆಗಳ ಕ್ಯಾಸೆಟ್ ತರಿಸಿದೆ. ಎಲ್ಲದರಲ್ಲೂ ಕ್ಯಾಮೆರಾ ಬಂದ ಕೂಡಲೇ ಸೆರಗು ಮುಖಕ್ಕೆ ಹಿಡಿದು ಪಕ್ಕಕ್ಕೆ ಸರಿದಿದ್ದಳು. ಮೂವತ್ತು ವರ್ಷ ಕಣ್ಣೆದುರು ಇದ್ದವಳು, ನಾನು ಯಾರ್ಯಾರದೋ ಕೈ ನೋಡುತ್ತ ಇವಳ ಕೈಯನ್ನೇ ಸರಿಯಾಗಿ ನೋಡಿರಲಿಲ್ಲ. ಬಟ್ಟೆ ಕತ್ತರಿಸುವ ಮೊದಲು ಅಂಗೈಯನ್ನು ಅದರ ಮೇಲಿಟ್ಟು, ಎರಡು ಸಲ ಮೆಲ್ಲಗೆ ತಟ್ಟಿ, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಕತ್ತರಿಸಿದ್ದು ಮತ್ತ ಕೂಡಂಗಿಲ್ಲ. ಅದಕ್ಕ ಒಮ್ಮೆ ಅರಿವೀನ್ನ ಕೇಳಬೇಕು" ಎಂದಿದ್ದಳು. ಅದಷ್ಟು ನೆನಪಿತ್ತು. ಕೈ ಬಲಗೈಯೋ ಎಡಗೈಯೋ ನೆನಪಿರಲಿಲ್ಲ.

ಮತ್ತೊಂದು ಶನಿವಾರ ಸಂಜೆ. ಟಿವಿಯಲ್ಲಿ ಇಂಗ್ಲೆಂಡಿನ ಯಾವುದೋ ಹಳ್ಳಿ. ಗಂಡ ಸತ್ತ ಸುದ್ದಿ ತಂದ ಪೊಲೀಸರಿಗೆ ಚಹಾ ಕೊಡಲು ಕಟುಕನ ಹೆಂಡತಿ ಅಡುಗೆಮನೆಗೆ ಹೋಗುತ್ತಾಳೆ. ಅವಳಿಗೆ ಮಾತೇ ಇಲ್ಲ. ಮೇಜಿನ ಮೇಲಿನ ಬ್ರೆಡ್ಡಿನ ಮುಂದೆ ನಿಲ್ಲುತ್ತಾಳೆ, ಚಾಕು ಕೆಳಗಿಡುತ್ತಾಳೆ. ಎಡ ಅಂಗೈಯನ್ನು ಬ್ರೆಡ್ಡಿನ ಮೇಲಿಡುತ್ತಾಳೆ. ಎರಡು ಸಲ ತಟ್ಟುತ್ತಾಳೆ. ಕಣ್ಣು ಮುಚ್ಚುತ್ತಾಳೆ. ಆಮೇಲೆ ಕತ್ತರಿಸುತ್ತಾಳೆ.

ನಾನು ಕಿರುಚಿದೆನಂತೆ. ನನ್ನ ಗಂಡ ಓಡಿ ಬಂದು ನೋಡುವಾಗ ಅವಳು ಮಹಡಿಯ ಮೆಟ್ಟಿಲು ಹತ್ತುತ್ತಿದ್ದಳು, ಒಂದೊಂದೇ ಮೆಟ್ಟಿಲು, ಬಲಗಾಲು ಮುಂದಿಟ್ಟು ಎಡಗಾಲನ್ನು ಅದರ ಪಕ್ಕಕ್ಕೆ ತಂದುಕೊಳ್ಳುತ್ತ. ಅರ್ಧಕ್ಕೆ ನಿಂತು ಮೊಣಕಾಲಿಗೆ ಕೈಕೊಟ್ಟಳು. ತುಟಿ ಅಲುಗಿತು. ದನಿ ಇರಲಿಲ್ಲ, ಆದರೆ ಆ "ಶಿವ ಶಿವಾ" ನಮ್ಮಿಬ್ಬರಿಗೂ ಓದಲು ಬಂತು. "ಅತ್ತೆ" ಎಂದರು ಇವರು, ಮೆಲ್ಲಗೆ.

ಮರುದಿನ ಬೆಳಿಗ್ಗೆ ಪೊಟ್ಟಣ ಹಿಡಿದು ಕೆಳಗಿಳಿದೆ. ಅವರು ಬಾಗಿಲು ತೆಗೆದರು. ವಯಸ್ಸಾಗಿತ್ತು, ಅಥವಾ ಆ ವಾರದ ಪಾತ್ರಕ್ಕೆ ವಯಸ್ಸಾಗಿತ್ತು. ಪೊಟ್ಟಣವನ್ನು ಅವರ ಮುಂದೆ ಚಾಚಿ, "ಅವ್ವ ಕೊಟ್ಟದ್ದು. ಎರಡು ವರ್ಷದ ಹಿಂದೆ. ನಾನು ಕೊಡಲಿಲ್ಲ. ಅವ್ವ ಈಗ ಇಲ್ಲ" ಎಂದಷ್ಟೇ ಅಂದೆ.

ಅವರು ಒಳಗೆ ಹೋಗಿ ಜಂಪರ್ ಹಾಕಿಕೊಂಡು ಬಂದರು. ಉಣ್ಣೆಯ ಲಂಗದ ಮೇಲೆ ಹಸಿರು ಖಣದ ಜಂಪರ್. ಬೇರೆ ಯಾರಾಗಿದ್ದರೂ ನಗು ಬರಬೇಕಿತ್ತು. ಕನ್ನಡಿಯ ಮುಂದೆ ನಿಂತು ಬಲಹೆಗಲನ್ನು ಮುಟ್ಟಿ ನೋಡಿಕೊಂಡರು. ಅವ್ವ ಆ ಕಡೆ ಅರ್ಧ ಇಂಚು ಇಳಿಸಿ ಹೊಲಿದಿದ್ದಳು. "ಇಷ್ಟು ವರ್ಷ ಎಷ್ಟೋ ದರ್ಜಿಗಳು ಈ ಹೆಗಲಿಗೆ ಹತ್ತಿ ತುಂಬಿ ಮುಚ್ಚಿದರು" ಎಂದರು. "ಇದು ಹೀಗೇ ಇದೆ ಅಂತ ಒಪ್ಪಿಕೊಂಡವಳು ಅವಳೊಬ್ಬಳೇ." ಆಗ ಅವರು ಅತ್ತರು. ಅದು ಅಭಿನಯವೇ ಎಂದು ನಾನು ಬೆನ್ನು ನೋಡಿದೆ. ಅಲ್ಲ.

ನನಗೂ ಅಳು ಬಂತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಮೂಗೊರೆಸಿಕೊಳ್ಳುತ್ತಲೇ ಹೇಳಿದೆ: "ಒಂದೇ ಒಂದು ತಪ್ಪು ಮಾಡಿದ್ರಿ. ಮೆಟ್ಟಿಲು ಹತ್ತುವಾಗ ಅವ್ವ ಎಡಗಾಲು ಮೊದಲು ಇಡ್ತಿದ್ದಳು. ನೋವಿದ್ದದ್ದು ಬಲ ಮೊಣಕಾಲು."

"ಇಲ್ಲ. ಎಡದ್ದು" ಎಂದರು ಅವರು.

"ನಾನೇ ಪಟ್ಟಿ ಕಟ್ಟಿದೀನಿ!"

"ಗೊತ್ತು. ನೀನು ಕೆಲಸಕ್ಕೆ ಹೋದ ಮೇಲೆ ಅದನ್ನ ಬಿಚ್ಚಿ ಎಡಗಾಲಿಗೆ ಹಾಕ್ಕೋತಿದ್ದಳು. ಸಂಜೆ ನೀನು ಬರೋ ಹೊತ್ತಿಗೆ ಮತ್ತೆ ಬಲಗಾಲಿಗೆ."

ನಾನು ನಂಬಲಿಲ್ಲ. ಬಾಯಲ್ಲಿ ಹೇಳದಿದ್ದರೂ ನಂಬಲಿಲ್ಲ. ಹೆತ್ತ ಮಗಳಿಗಿಂತ ಎರಡು ವಾರ ಬಂದುಹೋದ ಕೆಳಗಿನ ಮನೆಯವರಿಗೆ ಹೆಚ್ಚು ಗೊತ್ತಿರುತ್ತದೆಯೇ? ಅದಾದ ಮೇಲೆ ನಾವು ಆಪ್ತರಾದೆವು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ನಿಜವಾಗಿರುವುದಿಲ್ಲ. ಆಗಾಗ ಚಹಾಕ್ಕೆ ಕರೆಯುತ್ತಿದ್ದರು, ಹೋಗುತ್ತಿದ್ದೆ. ಇನ್ನೊಂದು ಸಲ ಅವ್ವನಾಗಿ ತೋರಿಸಿ ಎಂದು ಕೇಳಲು ಪ್ರತಿ ಸಲವೂ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೇಳಿದ್ದರೆ ಮಾಡುತ್ತಿದ್ದರು. ಮೆಟ್ಟಿಲು ಬಂದರೆ ಮತ್ತೆ ಜಗಳವಾದೀತೆಂದು ನನಗೆ ಹೆದರಿಕೆ.

ಬಾಗಿಲಿನ ಹಾಳೆ ಓದಿದ ವಾರದ ಕೊನೆಗೆ ನನ್ನ ಬಟ್ಟೆಯ ಸರದಿ ಬಂತು. ಬೆಂಚಿನ ಮೇಲೆ ನಾಲ್ಕು ರಟ್ಟಿನ ಡಬ್ಬಿಗಳಿದ್ದವು. ಬೇಕಾದವರು ತೆಗೆದುಕೊಳ್ಳಿ ಎಂದು ತಂಗಿಯ ಮಗಳು ಬರೆದಿಟ್ಟಿದ್ದಳು. ತುಂಬ ಚಪ್ಪಲಿ, ಬೂಟುಗಳು. ಒಳಗೆ ಚೀಟಿಗಳು: ಮೂರನೇ ಸೇವಕಿ. ಎಲ್ಲ ಗೊತ್ತಿದ್ದ ನರ್ಸ್. ಮುದಿ ರಾಣಿ. ಸಾಕ್ಷಿ ಹೇಳದ ನೆರೆಯವಳು. ಗಟ್ಟಿ ಬೂಟೊಂದರಲ್ಲಿ ಜೈಲಿನ ವಾರ್ಡನ್ ಎಂದಿತ್ತು. ನನ್ನನ್ನೂ ಬಿಟ್ಟಿರಲಿಲ್ಲ.

ನಾಲ್ಕನೇ ಡಬ್ಬಿಯ ತಳದಲ್ಲಿ ನೀಲಿ ಪಟ್ಟಿಯ ಹವಾಯಿ ಸಿಕ್ಕವು. ಅದರ ಚೀಟಿಯಲ್ಲಿ ಪಾತ್ರದ ಹೆಸರಿರಲಿಲ್ಲ, ಕಟುಕನ ಹೆಂಡತಿ ಎಂದೂ ಇರಲಿಲ್ಲ. ಅವ್ವನ ಹೆಸರಿತ್ತು.

ನನ್ನ ಕೈ ಸುಮ್ಮನಿರದೆ ಅವನ್ನು ಮಗುಚಿತು. ಎಡಗಾಲಿನ ಚಪ್ಪಲಿಯ ಅಡಿ ಇನ್ನೂ ಹೊಸದರಂತಿತ್ತು, ಗೆರೆಗಳು ಅಳಿಸಿರಲಿಲ್ಲ. ಬಲಗಾಲಿನದು ಹಿಮ್ಮಡಿಯಲ್ಲಿ ಸವೆದು ಸವೆದು ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. ಅದು ಅವರು ನಾಲ್ಕು ದಿನ ಮೆಟ್ಟಿ ನಡೆದು ಆದದ್ದಲ್ಲ. ವರ್ಷಗಟ್ಟಲೆ ಎಡಗಾಲನ್ನು ಕಾಪಾಡಿಕೊಂಡು ಇಡೀ ಭಾರವನ್ನು ಬಲಗಾಲಿನ ಮೇಲೆ ಹಾಕಿ ನಡೆದವಳ ಸವೆತ. ಲ್ಯಾಬಿನಲ್ಲಿ ಇಷ್ಟು ಸಾಕ್ಷಿ ಸಿಕ್ಕಿದ್ದರೆ ಎರಡನೇ ಪರೀಕ್ಷೆ ಮಾಡುತ್ತಿರಲಿಲ್ಲ.

ಬಟ್ಟೆ ಯಂತ್ರದಲ್ಲೇ ಬಿಟ್ಟೆ. ಬೂಟು ಕಳಚಿ ಆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಹತ್ತಿದೆ, ಬಲಗಾಲು ಮೊದಲು, ಆಮೇಲೆ ಎಡಗಾಲು. ಎರಡನೇ ಮಹಡಿಯಲ್ಲಿ ಅವರ ಬಾಗಿಲು ತೆರೆದಿತ್ತು. ಗೋಡೆಯ ಹಲಗೆಗಳು ಬರಿದಾಗಿದ್ದವು. ಅವ್ವನ ಯಾವ ಮೊಣಕಾಲು ನೋಯುತ್ತಿತ್ತೆಂದು ತಿಳಿದಿದ್ದವರು ಆ ಮನೆಯಲ್ಲಿ ಇನ್ನಿರಲಿಲ್ಲ. ಅಲ್ಲಿ ನಿಂತಾಗ, ಅವರು ಸತ್ತಿದ್ದಾರೆಂದು ನಂಬಿದೆ.